ಅವನು ಅವಳಾದಾಗ ಹಾಡು ಏನಾಗುತ್ತದೆ?

ಸಂಪಾದಕರ ಉತ್ತರ

(ಅಮೆರಿಕದ ‘ಕಂಪನಿ’ ಎಂಬ ಸಂಗೀತ ನಾಟಕದ ಮರುಪ್ರಯೋಗದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಅರ್ಧ ಪುಟದ ಟಿಪ್ಪಣಿ ಬರೆದಿದ್ದೆ. ಅದನ್ನು ಓದಿ ಗುಳೇದಗುಡ್ಡದ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟದ ಪತ್ರ ಕಳಿಸಿದ್ದಾರೆ. ಸಾರಾಂಶ ಇಷ್ಟು: “ಐವತ್ತು ವರ್ಷ ಹಳೆಯ ನಾಟಕದ ನಾಯಕನನ್ನು ನಾಯಕಿ ಮಾಡಿದರು ಎಂದು ಸಂಭ್ರಮಿಸಿದ್ದೀರಿ. ಹೊಸದು ಹೇಳುವುದಿದ್ದರೆ ಹೊಸ ನಾಟಕ ಬರೆಯಲಿ, ಹಳೆಯದನ್ನು ಏಕೆ ಕೆಡಿಸಬೇಕು? ನಮ್ಮಲ್ಲಿ ಗಂಡಸರು ಸ್ತ್ರೀಪಾತ್ರ ಮಾಡಿದ್ದು ಅನಿವಾರ್ಯಕ್ಕೆ. ಅಲ್ಲಿಯದು ಶೋಕಿ. ಪಾತ್ರ ಯಾರು ಮಾಡುತ್ತಾರೆ ಎಂದು ತಿಳಿದ ದಿನದಿಂದ ಅಭಿಮಾನಿಗಳು ತಿಂಗಳುಗಟ್ಟಲೆ ಕಾದರಂತೆ. ಕಥೆ, ಹಾಡು ಎಲ್ಲ ಗೊತ್ತಿರುವ ನಾಟಕಕ್ಕೆ ಕಾಯುವುದೇನಿದೆ?”)

ಮಾಸ್ತರೇ, ನಮಸ್ಕಾರ.

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ಉತ್ತರ ನಿಮ್ಮ ಪತ್ರದ ಮೂರನೆಯ ಪುಟದಲ್ಲಿಯೇ ಇದೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಡೇರೆ ಹಾಕುವ ಹೊತ್ತಿಗೆ ನಿಮ್ಮ ತಂದೆಯವರು ಎತ್ತಿನ ಗಾಡಿ ಹೂಡಿಸುತ್ತಿದ್ದರು, ಒಂದೇ ನಾಟಕವನ್ನು ಮೂರು ವರ್ಷ ನೋಡಿದರು ಎಂದು ಬರೆದಿದ್ದೀರಿ. ಅವರಿಗೆ ಕಥೆ ಗೊತ್ತಿರಲಿಲ್ಲವೇ? ನಾನೂ ಆ ಜಾತ್ರೆಯಲ್ಲಿ ನನ್ನ ಸೋದರಮಾವನ ಪಕ್ಕ ಕುಳಿತು ನಾಟಕ ನೋಡಿದವನು. ಪೇಟಿ ಮಾಸ್ತರರು ಕಾಲು ಹಾರ್ಮೋನಿಯಂ ತುಳಿದು ಮೊದಲ ಸ್ವರ ಹಿಡಿದರೆ ಸಾಕು, ಮಾವನ ತುಟಿ ಅಲುಗಲು ಶುರುವಾಗುತ್ತಿತ್ತು. ನಟನಿಗಿಂತ ಅರ್ಧ ಗಳಿಗೆ ಮೊದಲೇ ಅವರು ಹಾಡಿನ ಸಾಲನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. ನಟ ಆ ಸಾಲನ್ನು ತಮ್ಮ ಮನಸ್ಸಿನಲ್ಲಿ ಇದ್ದಂತೆ ಹಾಡಿದರೆ ತೃಪ್ತಿಯಿಂದ ತಲೆದೂಗುತ್ತಿದ್ದರು. ತಾವು ಎಣಿಸದ ಕಡೆ ಎತ್ತಿಕೊಂಡು ಹೋಗಿ ಚೆಂದ ಇಳಿಸಿದರೆ ಎದ್ದು ನಿಂತು “ವನ್ಸ್ ಮೋರ್” ಕೂಗುತ್ತಿದ್ದರು. ಗೊತ್ತಿದ್ದವರೇ ಹಾಗೆ ಕಾಯುತ್ತಾರೆ. ಹಾಡು ಗೊತ್ತಿಲ್ಲದವನಿಗೆ ಅದು ಎಲ್ಲಿ ತಿರುಗಿತು ಎಂಬುದೂ ಗೊತ್ತಾಗುವುದಿಲ್ಲ.

ಈಗ ‘ಕಂಪನಿ’ಗೆ ಬರುತ್ತೇನೆ. ನಮ್ಮ ಕಿವಿಗೆ ಆ ಹೆಸರು ಕೇಳಿದೊಡನೆ ಗುಬ್ಬಿ ಕಂಪನಿ, ಡೇರೆ, ರಂಗುರಂಗಿನ ಪರದೆಗಳು ನೆನಪಾಗುತ್ತವೆ. ಇದು ಬೇರೆ. ಇಲ್ಲಿ ಕಂಪನಿ ಎಂದರೆ ಒಡನಾಟ, ಜೊತೆ. ಸ್ಟೀಫನ್ ಸಾಂಡ್‌ಹೈಮ್ ಸಂಗೀತ ಮತ್ತು ಹಾಡು, ಜಾರ್ಜ್ ಫರ್ತ್ ಸಂಭಾಷಣೆ, ಹಾಲ್ ಪ್ರಿನ್ಸ್ ನಿರ್ದೇಶನ. 1970ರ ಏಪ್ರಿಲ್ 26ರಂದು ನ್ಯೂಯಾರ್ಕಿನ ಆಲ್ವಿನ್ ರಂಗಮಂದಿರದಲ್ಲಿ ತೆರೆ ಎದ್ದಿತು. ಬಾಬಿ ಎಂಬ ಗಂಡಸಿಗೆ 35 ತುಂಬಿದೆ, ಮದುವೆಯಾಗಿಲ್ಲ. ಸುತ್ತ ಐದು ಜೋಡಿ ಗೆಳೆಯರು, ಮೂವರು ಗೆಳತಿಯರು. ಮೊದಲು ಇದು, ಆಮೇಲೆ ಅದು ಎಂದು ಹೇಳುವ ಕಥೆಯೇ ಇಲ್ಲ. ಒಂದೊಂದು ಮನೆಯೊಳಗೆ ಹೋಗಿ ಒಂದೊಂದು ದಾಂಪತ್ಯವನ್ನು ನೋಡಿ ಬರುವುದು, ಹುಟ್ಟುಹಬ್ಬದ ಕೇಕಿನ ಮುಂದೆ ಮತ್ತೆ ಬಂದು ನಿಲ್ಲುವುದು, ಇಷ್ಟೇ. ಅಮೆರಿಕದ ಸಂಗೀತ ನಾಟಕ ಅಲ್ಲಿಯವರೆಗೆ ಮದುವೆಯಲ್ಲಿ ಮುಗಿಯುತ್ತಿತ್ತು. ಇದು ಮದುವೆಯಾದ ಮೇಲೆ ಏನು ಎಂದು ಕೇಳಿತು.

2018ರಲ್ಲಿ ಲಂಡನ್ನಿನ ಗಿಲ್‌ಗುಡ್ ರಂಗಮಂದಿರದಲ್ಲಿ ಮೇರಿಯಾನ್ ಎಲಿಯಟ್ ಎಂಬ ನಿರ್ದೇಶಕಿ ಬಾಬಿಯನ್ನು ಹೆಣ್ಣು ಮಾಡಿದರು. ರೋಸಲಿ ಕ್ರೇಗ್ ಆ ಪಾತ್ರ ವಹಿಸಿದರು. ಮೂವರು ಗೆಳತಿಯರು ಮೂವರು ಗೆಳೆಯರಾದರು. ಗಗನಸಖಿ ಏಪ್ರಿಲ್ ಹೋಗಿ ವಿಮಾನದ ಪರಿಚಾರಕ ಆಂಡಿ ಬಂದ. ಮದುವೆಯ ದಿನ ಬೆಳಗ್ಗೆ ಗಾಬರಿಬಿದ್ದು “ನನಗೆ ಇವತ್ತು ಮದುವೆ ಬೇಡ” ಎಂದು ಉಸಿರು ಬಿಡದೆ ಹಾಡುವ ಏಮಿ ಎಂಬ ವಧು ಇದ್ದಳಲ್ಲ, ಅವಳ ಜಾಗಕ್ಕೆ ಜೇಮಿ ಬಂದ. ಅವನು ಪಾಲ್ ಎಂಬ ಗಂಡಸನ್ನು ಮದುವೆಯಾಗಬೇಕಾದವನು.

ನೀವು ಹೇಳಿದ ಒಂದು ಮಾತು ಪೂರ್ತಿ ಸರಿ. ಇದನ್ನೂ ನಮ್ಮ ಸ್ತ್ರೀಪಾತ್ರಧಾರಿಗಳ ಪರಂಪರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಏಣಗಿ ಬಾಳಪ್ಪನವರು ಹುಡುಗರಾಗಿದ್ದಾಗ ಸೀರೆ ಉಟ್ಟು ರಂಗಕ್ಕೆ ಬಂದರೂ ಪಾತ್ರ ಹೆಣ್ಣಾಗಿಯೇ ಇತ್ತು, ನಟ ಮಾತ್ರ ಬೇರೆ. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿ ‘ಕೃಷ್ಣಲೀಲೆ’ಯಲ್ಲಿ ಕಂಸನಾಗಿ ಮೀಸೆ ತಿರುವಿದಾಗಲೂ ಕಂಸ ಗಂಡಸೇ. ಆದರೆ “ಅನಿವಾರ್ಯಕ್ಕೆ” ಎಂಬ ನಿಮ್ಮ ಮಾತು ಅವರಿಗೆ ಒಪ್ಪುವುದಿಲ್ಲ, ಮಾಸ್ತರೇ. 1958ರ ಹೊತ್ತಿಗೆ ಕಂಸನ ಪಾತ್ರಕ್ಕೆ ನಮ್ಮಲ್ಲಿ ಗಂಡಸರ ಬರವಿರಲಿಲ್ಲ. ಆ ಪಾತ್ರ ತನ್ನ ಕೊರಳಿಗೂ ಮೈಗೂ ದಕ್ಕುತ್ತದೆ ಎಂದು ಅವರಿಗೆ ಗೊತ್ತಿತ್ತು, ಮಾಡಿ ತೋರಿಸಿದರು. 2012ರಲ್ಲಿ, ಅವರು ತೀರಿಕೊಂಡ ವರ್ಷ, ಪದ್ಮಶ್ರೀ ಬಂತು. ಅದನ್ನು ಶೋಕಿ ಎನ್ನಲು ನೀವೂ ಒಪ್ಪುವುದಿಲ್ಲ ಎಂದು ನಂಬಿದ್ದೇನೆ.

‘ಕಂಪನಿ’ಯಲ್ಲಿ ಬದಲಾದದ್ದು ಪಾತ್ರವೇ. ಅದು ಇನ್ನೂ ದೊಡ್ಡ ಸಾಹಸ, ಇನ್ನೂ ದೊಡ್ಡ ಅಪಾಯ. ಹಾಗೆ ಮಾಡಲು ಕಾರಣ ಬೇಕು. ಕಾರಣ ಇತ್ತು. 1970ರಲ್ಲಿ 35ರ ಅವಿವಾಹಿತ ಗಂಡಸು ನ್ಯೂಯಾರ್ಕಿನ ಗೆಳೆಯರಿಗೆ ಒಂದು ಚಿಂತೆಯಾಗಿದ್ದ. ಇಂದು ಅವನು ಯಾರಿಗೂ ಚಿಂತೆಯಲ್ಲ. ಹೆಣ್ಣಾದರೆ? ನಮ್ಮ ಊರುಗಳನ್ನೇ ನೋಡಿ. ಮೂವತ್ತೈದಾದರೂ ಮದುವೆಯಾಗದ ಗಂಡಸಿಗೆ “ಯಾರನ್ನೂ ಒಪ್ಪಲಿಲ್ಲ” ಎನ್ನುತ್ತೇವೆ. ಹೆಂಗಸಿಗೆ “ಯಾರೂ ಒಪ್ಪಲಿಲ್ಲ” ಎನ್ನುತ್ತೇವೆ. ನ್ಯೂಯಾರ್ಕಿನಲ್ಲಿ ಮಾತು ಇಷ್ಟು ಒರಟಾಗಿರಲಿಕ್ಕಿಲ್ಲ, ಆದರೆ ಆ ಪ್ರಶ್ನೆ ಅಲ್ಲಿಯೂ ಹೆಣ್ಣನ್ನು ಬಿಟ್ಟಿಲ್ಲ. ಹಳೆಯ ನಾಟಕದಲ್ಲಿ ಒಂದು ನೃತ್ಯವಿತ್ತು, ಗಡಿಯಾರದ ಟಿಕ್ ಟಿಕ್ ಲಯದ ಮೇಲೆ ಕಟ್ಟಿದ್ದು. ಆಗ ಅದು ಒಂದು ರಾತ್ರಿಯ ಸುಖದ ಕುಣಿತ. ಹೊಸ ಪ್ರಯೋಗದಲ್ಲಿ ಅದೇ ಟಿಕ್ ಟಿಕ್ ನಡೆಯುತ್ತಿರುವಾಗ ಬಾಬಿಯ ಕಣ್ಣ ಮುಂದೆ ಅವಳದೇ ಬೇರೆ ಬೇರೆ ರೂಪಗಳು ಹಾದುಹೋಗುತ್ತವೆ: ಬಸುರಿ, ಬಾಣಂತಿ, ಸಂಸಾರದಲ್ಲಿ ದಣಿದವಳು. ಅದೇ ಸಂಗೀತಕ್ಕೆ ಹೊಸ ಅರ್ಥ ಹುಟ್ಟಿತು. ಹೊಸ ನಾಟಕ ಬರೆದಿದ್ದರೆ ಈ ಸಂಗತಿ ಬರುತ್ತಿರಲಿಲ್ಲ. ಹಳೆಯ ಟಿಕ್ ಟಿಕ್ ಕಿವಿಯಲ್ಲಿ ಇದ್ದವರಿಗೇ ಹೊಸದು ಎದೆಗೆ ತಾಗುವುದು.

ಜೇಮಿಯ ಹಾಡೂ ಹಾಗೆಯೇ. ಸಾಂಡ್‌ಹೈಮ್ ಅದನ್ನು ಬರೆದಾಗ ಇಬ್ಬರು ಗಂಡಸರ ಮದುವೆಗೆ ಕಾನೂನಿನ ಮನ್ನಣೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದು 2014ರಿಂದ ಜಾರಿಗೆ ಬಂತು, ಅಮೆರಿಕದ ಎಲ್ಲ ರಾಜ್ಯಗಳಲ್ಲಿ 2015ರಿಂದ. ಎಷ್ಟೋ ವರ್ಷ ಹೋರಾಡಿ ಪಡೆದ ಹಕ್ಕು ಕೈಗೆ ಬಂದ ಬೆಳಗ್ಗೆ ಒಬ್ಬ ಹುಡುಗ “ಬೇಡ, ಬೇಡ” ಎಂದು ನಡುಗುತ್ತಾನೆ. ಹಳೆಯ ಹಾಡಿನಲ್ಲಿ ನಗು ಹೆಚ್ಚಿತ್ತು. ಈಗಲೂ ನಗು ಬರುತ್ತದೆ, ಹಿಂದೆಯೇ ಗಂಟಲು ಕಟ್ಟುತ್ತದೆ. ಲಂಡನ್ನಿನಲ್ಲಿ ಇದನ್ನು ಹಾಡಿದ ಜೊನಾಥನ್ ಬೇಲಿಗೆ ಅಲ್ಲಿಯ ರಂಗಭೂಮಿಯ ದೊಡ್ಡ ಗೌರವವಾದ ಆಲಿವಿಯರ್ ಪ್ರಶಸ್ತಿ ಬಂತು, ನ್ಯೂಯಾರ್ಕಿನಲ್ಲಿ ಹಾಡಿದ ಮ್ಯಾಟ್ ಡಾಯ್ಲ್‌ಗೆ ಅಮೆರಿಕದ ಅಂಥದೇ ಟೋನಿ ಪ್ರಶಸ್ತಿ.

ಇಲ್ಲಿ ಕನ್ನಡದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನೀವು ವ್ಯಾಕರಣ ಕಲಿಸಿದವರು, ನಿಮಗೆ ರುಚಿಸುತ್ತದೆ. ಈ ನಾಟಕವನ್ನು ಕನ್ನಡದಲ್ಲಿ ಮಾಡಿದರೆ ಏನಾಗುತ್ತದೆ ಎಂದು ಒಂದು ರಾತ್ರಿ ಕಾಗದ ಪೆನ್ನು ಹಿಡಿದು ಕುಳಿತಿದ್ದೆ. ಇಂಗ್ಲಿಷಿನಲ್ಲಿ ಅವನು ಅವಳಾದರೆ ಸರ್ವನಾಮ ಬದಲಾಯಿಸಿದರೆ ಮುಗಿಯಿತು. ನಮ್ಮಲ್ಲಿ ಕ್ರಿಯಾಪದವೂ ಬದಲಾಗಬೇಕು. ಬಂದನು ಬಂದಳಾಗಬೇಕು, ನಕ್ಕನು ನಕ್ಕಳಾಗಬೇಕು. ಮೊದಲು ಇದು ದೊಡ್ಡ ತೊಡಕು ಅನ್ನಿಸಿತು. ಆಮೇಲೆ ಮಾತ್ರೆ ಹಾಕಿ ನೋಡಿದೆ. ಬಂದನು ನಾಲ್ಕು ಮಾತ್ರೆ, ಬಂದಳು ನಾಲ್ಕು ಮಾತ್ರೆ. ಲಯ ಕೂದಲೆಳೆಯಷ್ಟೂ ಕದಲುವುದಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಆಮೇಲೆ ಹೊಳೆಯಿತು. “ನಾನು ಬಂದೆ” ಎನ್ನುವಾಗ ಕನ್ನಡದಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. “ನೀನು ಬಂದೆ” ಎನ್ನುವಾಗಲೂ ಇಲ್ಲ. ಎದುರಿಗೆ ಇಲ್ಲದವರ ಬಗ್ಗೆ ಮಾತನಾಡುವಾಗ ಮಾತ್ರ ಲಿಂಗ ಬರುತ್ತದೆ.

ಮಾಸ್ತರೇ, ಈ ಮರುಪ್ರಯೋಗದ ಒಳಗುಟ್ಟು ಅಷ್ಟರಲ್ಲಿಯೇ ಇದೆ. ಬಾಬಿ ಕೊನೆಯಲ್ಲಿ ಒಂಟಿಯಾಗಿ ನಿಂತು ಹಾಡುವ, ಬದುಕಿರುವುದು ಎಂದರೇನು ಎಂದು ಕೇಳುವ ಹಾಡು ಗಂಡಸಿನ ಬಾಯಲ್ಲೂ ಹೆಂಗಸಿನ ಬಾಯಲ್ಲೂ ಒಂದೇ. ಅದನ್ನು ತಿದ್ದುವ ಅಗತ್ಯ ಬೀಳಲಿಲ್ಲ. ತಿದ್ದಬೇಕಾದದ್ದು ಉಳಿದವರು ಬಾಬಿಯ ಬಗ್ಗೆ ಆಡುವ ಮಾತು. “ನಿನಗೊಬ್ಬ ಹುಡುಗಿ ನೋಡಿದ್ದೇನೆ” ಎಂದು ಗಂಡಂದಿರು ಹಾಡುತ್ತಿದ್ದ ಹಾಡು “ನಿನಗೊಬ್ಬ ಹುಡುಗನನ್ನು ನೋಡಿದ್ದೇನೆ” ಎಂದು ಹೆಂಡಂದಿರ ಬಾಯಿಗೆ ಹೋಯಿತು. ಹಳೆಯ ಕಾಲದ ರೇಡಿಯೊದ ಅಕ್ಕತಂಗಿಯರ ಧಾಟಿಯಲ್ಲಿ ಮೂವರು ಗೆಳತಿಯರು ಬಾಬಿಯ ಮೇಲೆ ದೂರು ಹಾಡುತ್ತಿದ್ದರು. ಅದೇ ಧಾಟಿಯಲ್ಲಿ ಈಗ ಮೂವರು ಗಂಡಸರು ಹಾಡುತ್ತಾರೆ. 1970ರ ಧ್ವನಿಮುದ್ರಣವನ್ನೂ ಲಂಡನ್ನಿನದನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ರಾಗ ಅದೇ, ತಾಳ ಅದೇ, ಕೇಳುವವರ ಮನಸ್ಸಿನಲ್ಲಿ ಏಳುವ ಚಿತ್ರವೇ ಬೇರೆ.

ಎಲ್ಲವೂ ಒಪ್ಪಿತು ಎಂದು ನಾನು ಹೇಳುವುದಿಲ್ಲ. ಜೊಆನ್ ಎಂಬ ಹಿರಿಯ ಹೆಂಗಸು ಕುಡಿದ ಅಮಲಿನಲ್ಲಿ ಹಳೆಯ ಬಾಬಿಯನ್ನು ತನ್ನ ಹಾಸಿಗೆಗೆ ಕರೆಯುತ್ತಾಳೆ. ಬಾಬಿ ಹೆಣ್ಣಾದ ಮೇಲೆ ಜೊಆನ್ ಅವಳನ್ನು ತನ್ನ ಗಂಡನ ಜೊತೆ ಹೋಗು ಎನ್ನುತ್ತಾಳೆ. ಮೊದಲನೆಯದರಲ್ಲಿ ಒಂಟಿತನದ ಹಸಿವಿತ್ತು. ಎರಡನೆಯದು ಹೊಲಿಗೆ ಕಾಣುವ ತೇಪೆ. ಆ ಮಾತಿನ ಮೇಲೆಯೇ ಕೊನೆಯ ತಿರುವು ನಿಂತಿರುವುದರಿಂದ ಅಲ್ಲಿ ನಾಟಕ ಎಡವುತ್ತದೆ. ನಿಮ್ಮ ಆಕ್ಷೇಪಕ್ಕೆ ಅತ್ಯಂತ ಬಲವಾದ ಸಾಕ್ಷಿ ಬೇಕಿದ್ದರೆ ಇದನ್ನೇ ಇಟ್ಟುಕೊಳ್ಳಿ.

ಜೊಆನ್ ಪಾತ್ರಕ್ಕೆ ಪ್ಯಾಟಿ ಲುಪೋನ್ ಎಂದು ಗೊತ್ತಾದಾಗಲೇ ಅರ್ಧ ಕಾತರ ಶುರುವಾಗಿತ್ತು. 1970ರಲ್ಲಿ ಆ ಪಾತ್ರ ಮಾಡಿದ್ದ ಇಲೈನ್ ಸ್ಟ್ರಿಚ್ ಅವರ ಕಂಠ ಅಭಿಮಾನಿಗಳ ಕಿವಿಯಲ್ಲಿ ಅಚ್ಚೊತ್ತಿತ್ತು. ಸದಾರಮೆಯ ಕಳ್ಳ ಎಂದರೆ ಗುಬ್ಬಿ ವೀರಣ್ಣನವರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಹಾಗೆ. ಆ ಜಾಗದಲ್ಲಿ ಇನ್ನೊಬ್ಬರು ನಿಲ್ಲುತ್ತಾರೆ ಎಂದರೆ ಜನ ಅಳತೆಗೋಲು ಹಿಡಿದೇ ಬರುತ್ತಾರೆ.

ಲಂಡನ್ನಿನ ಪ್ರಯೋಗ ನ್ಯೂಯಾರ್ಕಿಗೆ ಬಂದದ್ದು 2020ರ ಮಾರ್ಚ್ 2ರಂದು, ಬರ್ನಾರ್ಡ್ ಬಿ. ಜೇಕಬ್ಸ್ ರಂಗಮಂದಿರಕ್ಕೆ. ಬಾಬಿಯಾಗಿ ಕತ್ರಿನಾ ಲೆಂಕ್. ಮೊದಲು ಕೆಲವು ದಿನ ಪೂರ್ವಪ್ರದರ್ಶನ, ಆಮೇಲೆ ಮಾರ್ಚ್ 22ಕ್ಕೆ ವಿಧಿವತ್ತಾದ ಆರಂಭ ಎಂದು ನಿಗದಿಯಾಗಿತ್ತು. ಆ ದಿನ ಸಾಂಡ್‌ಹೈಮ್ ಅವರಿಗೆ 90 ತುಂಬಲಿತ್ತು. ಪೂರ್ವಪ್ರದರ್ಶನ ಹತ್ತೇ ದಿನ ನಡೆಯಿತು. ಮಾರ್ಚ್ 12ರ ಸಂಜೆ ಕೋವಿಡ್ ಕಾರಣದಿಂದ ಬ್ರಾಡ್‌ವೇ ಎಂಬ ನ್ಯೂಯಾರ್ಕಿನ ನಾಟಕ ವಲಯದ ಎಲ್ಲ ರಂಗಮಂದಿರಗಳೂ ಬಾಗಿಲು ಹಾಕಿದವು. ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣನ ಮಗಳು ಮಾರ್ಚ್ 14ಕ್ಕೆ ಟಿಕೆಟ್ ತೆಗೆದಿಟ್ಟಿದ್ದಳು. ದುಡ್ಡು ವಾಪಸ್ಸು ಬಂತು. ಟಿಕೆಟ್ಟಿನ ಚಿತ್ರವನ್ನು ಮಾತ್ರ ಅವಳು ಮೊಬೈಲಿನಿಂದ ಅಳಿಸಲಿಲ್ಲ. ಆಗ ಅವಳಿಗೆ 34 ವರ್ಷ, ಒಂಟಿಯಾಗಿ ಒಂದು ಕೋಣೆಯ ಮನೆಯಲ್ಲಿದ್ದಳು. ಆ ಲಾಕ್‌ಡೌನಿನ ತಿಂಗಳುಗಳಲ್ಲಿ ಫೋನಿನಲ್ಲಿ ಹಳೆಯ ಹಾಡುಗಳನ್ನು ನನಗೂ ಕೇಳಿಸಿದಳು. ಚಿಕ್ಕಪ್ಪ, ನಾಟಕ ತೆರೆಯುವ ಹೊತ್ತಿಗೆ ನಾನೂ ಬಾಬಿಯ ವಯಸ್ಸಿಗೆ ಬಂದಿರುತ್ತೇನೆ ನೋಡಿ ಎಂದಿದ್ದಳು. ಈ ನಾಟಕದ ಬಗ್ಗೆ ನನಗೆ ಗೊತ್ತಾದದ್ದೇ ಅವಳಿಂದ.

2021ರ ನವೆಂಬರ್ 15ರಂದು ನಾಟಕ ಮತ್ತೆ ಶುರುವಾಯಿತು. ಅಂದು ಸಾಂಡ್‌ಹೈಮ್ ಸ್ವತಃ ಬಂದು ಪ್ರೇಕ್ಷಕರ ನಡುವೆ ಕುಳಿತಿದ್ದರು. ಫರ್ತ್ 2008ರಲ್ಲಿಯೇ ತೀರಿಕೊಂಡಿದ್ದರು. ಹಳೆಯದನ್ನು ಕೆಡಿಸಿದರು ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅದು ಬದುಕಿ ಉಳಿದಿದ್ದ ಈ ಒಬ್ಬರಿಗೆ ಇತ್ತು. ಅವರು ತಾವೇ ಸಾಲುಗಳನ್ನು ತಿದ್ದಿಕೊಟ್ಟಿದ್ದರು. ನವೆಂಬರ್ 26ರಂದು, 91ನೆಯ ವಯಸ್ಸಿನಲ್ಲಿ, ಅವರು ಕಣ್ಣು ಮುಚ್ಚಿದರು. ಡಿಸೆಂಬರ್ 9ರ ವಿಧಿವತ್ತಾದ ಆರಂಭಕ್ಕೆ ಅವರಿರಲಿಲ್ಲ. ಮರುವರ್ಷ ಅತ್ಯುತ್ತಮ ಮರುಪ್ರಯೋಗದ್ದೂ ಸೇರಿ ಐದು ಟೋನಿ ಪ್ರಶಸ್ತಿಗಳು ಬಂದವು. ಜುಲೈ 31ಕ್ಕೆ ನಾಟಕ ನಿಂತಿತು.

ನನ್ನ ಅಣ್ಣನ ಮಗಳು ನೋಡಿದ್ದು ಸಾಂಡ್‌ಹೈಮ್ ತೀರಿಕೊಂಡ ಮರುವಾರ. ರಾತ್ರಿ ರೈಲಿನಿಂದಲೇ ಫೋನ್ ಮಾಡಿದಳು. ರಂಗದ ಮೇಲೆ ನಿಯಾನ್ ದೀಪದ ಅಂಚಿನ ಪೆಟ್ಟಿಗೆಗಳಂಥ ಕೋಣೆಗಳಿದ್ದವಂತೆ. ಕೆಂಪು ಬಟ್ಟೆಯ ಬಾಬಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದಳಂತೆ. ಎಲ್ಲಿ ನೋಡಿದರೂ 35. ಹುಟ್ಟುಹಬ್ಬದ ಬಲೂನಿನ ಮೇಲೂ ಅದೇ ಅಂಕಿ, ಆ ಬಲೂನು ದೊಡ್ಡದಾಗುತ್ತಾ ಹೋಗಿ ಅವಳನ್ನೇ ಗೋಡೆಗೆ ಒತ್ತುವಷ್ಟಾಗುತ್ತಿತ್ತಂತೆ. “ಕೊನೆಯ ಹಾಡು ಪೂರ್ತಿ ಬಾಯಿಪಾಠ ಬರುತ್ತದೆ ಚಿಕ್ಕಪ್ಪ, ಇಪ್ಪತ್ತು ತಿಂಗಳು ಅದನ್ನೇ ಕೇಳಿದ್ದೇನೆ. ಆದರೂ ಮೊದಲ ಸಾಲಿಗೆ ಉಸಿರು ಬಿಗಿಹಿಡಿದುಕೊಂಡೆ” ಎಂದಳು.

ಅವಳು ಹೇಳಿದ್ದನ್ನು ಕೇಳುವಾಗ ನನಗೆ ಕಂಡದ್ದು ನನ್ನ ಸೋದರಮಾವನ ತುಟಿ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ತಂದೆಯವರು ಜಾತ್ರೆಯ ನಾಟಕಗಳ ಹಾಡುಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟ ನೋಟ್‌ಬುಕ್ ಇನ್ನೂ ನಿಮ್ಮ ಬಳಿ ಇದೆ ಎಂದಿದ್ದೀರಿ. ಅದರ ನಾಲ್ಕಾರು ಪುಟಗಳ ಫೋಟೋ ತೆಗೆಸಿ ಕಳಿಸಿ. ಯಾವ ವರ್ಷ, ಯಾವ ಡೇರೆ, ಯಾರು ಹಾಡಿದ್ದರು ಎಂದು ಅಂಚಿನಲ್ಲಿ ಅವರು ಗುರುತು ಹಾಕಿದ್ದರೆ ಆ ಅಂಚೂ ಬರಲಿ. ಮುಂದಿನ ಬನದ ಹುಣ್ಣಿಮೆಯ ಸಂಚಿಕೆಯಲ್ಲಿ ಹಾಕುತ್ತೇವೆ. ಆ ವಾರ ನಾನೂ ಬನಶಂಕರಿಗೆ ಬರುತ್ತೇನೆ, ಡೇರೆಯಲ್ಲಿ ನಿಮ್ಮ ಪಕ್ಕ ಒಂದು ಜಾಗ ಹಿಡಿದಿಡಿ.

ಸಂಪಾದಕ