ರಿಪೋರ್ಟ್ ಬಂತು, ಗಾಬರಿಯೂ ಬಂತು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನನಗೆ 41 ವರ್ಷ, ತೊಂದರೆ ಏನೂ ಇಲ್ಲ. 2025ರ ಜೂನ್–ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ದಿನಾ ಟಿ.ವಿ.ಯಲ್ಲಿ ಬಂದಾಗಿನಿಂದ ‘ಫುಲ್ ಬಾಡಿ ಚೆಕಪ್ ಮಾಡಿಸಿ’ ಎಂದು ಮನೆಯವಳು ಪಟ್ಟು ಹಿಡಿದಿದ್ದಾಳೆ. ಲ್ಯಾಬಿನ ಪಟ್ಟಿಯಲ್ಲಿ 80ಕ್ಕೂ ಹೆಚ್ಚು ಪರೀಕ್ಷೆಗಳಿವೆ, ಕ್ಯಾನ್ಸರ್ ಮಾರ್ಕರ್ ಕೂಡ. ಅಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಮಾಡಿಸಲೇ?
– ಓದುಗ, ಸಕಲೇಶಪುರ

ಉತ್ತರ: ಮಾಡಿಸಿ, ಆದರೆ 80 ಬೇಡ. ನಿಮ್ಮ ಪತ್ರದಲ್ಲಿ ತೂಕದ ಮಾತು ಅಪ್ಪನದ್ದು. ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದ್ರೋಗ ಬಂದಿದ್ದರೆ ನಿಮ್ಮ ಅಪಾಯ ಹೆಚ್ಚು.

ಬೇಕಾದದ್ದು ಇಷ್ಟು: ಬಿ.ಪಿ., ಖಾಲಿ ಹೊಟ್ಟೆಯ ಸಕ್ಕರೆ ಇಲ್ಲವೇ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಸೊಂಟದ ಸುತ್ತಳತೆ (ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು). ನಿಮ್ಮ ಮನೆತನ ನೋಡಿದರೆ ಎಲ್‌ಪಿ(ಎ) ಕೂಡ ಒಳ್ಳೆಯದು. ಅದು ವಂಶದಿಂದ ಬರುವ ಕೊಬ್ಬಿನ ಅಂಶ, ಸಾಮಾನ್ಯವಾಗಿ ಜೀವಮಾನಕ್ಕೆ ಒಮ್ಮೆ ನೋಡಿದರೆ ಸಾಕು. ಹೆಸರು ಹೋಲುವ ಅಪೋ-ಎ1 ಎನ್ನುವುದು ಬೇರೆಯೇ ಪರೀಕ್ಷೆ, ಬಿಲ್ಲಿನಲ್ಲಿ ಅದಲುಬದಲಾಗದಂತೆ ನೋಡಿಕೊಳ್ಳಿ.

ಬಿ.ಪಿ. ನೋಡುವುದರಲ್ಲೇ ಹೆಚ್ಚು ಎಡವಟ್ಟು. ಮೆಟ್ಟಿಲು ಹತ್ತಿ ಬಂದವರನ್ನು ಹಾಗೇ ಕೂರಿಸಿ ಪಟ್ಟಿ ಸುತ್ತಿದರೆ ಅಂಕಿ ಏರಿರುತ್ತದೆ. ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು ಬೇಡ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂತ ಮೇಲೆ ತೋಳು ಎದೆಯ ಮಟ್ಟದಲ್ಲಿಟ್ಟು ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿಸಿ. ಬೇರೆ ದಿನವೂ 140/90 ದಾಟಿದರೆ ಆಗ ಚಿಕಿತ್ಸೆಯ ಮಾತು.

ಇ.ಸಿ.ಜಿ. ನಾರ್ಮಲ್ ಬಂತೆಂದು ನಿಶ್ಚಿಂತೆಯಾಗಬೇಡಿ. ಅದು ಆ ಕ್ಷಣದ ಹೃದಯದ ವಿದ್ಯುತ್ ಚಟುವಟಿಕೆಯನ್ನಷ್ಟೇ ಬರೆಯುತ್ತದೆ, ರಕ್ತನಾಳದಲ್ಲಿ ಕಟ್ಟುತ್ತಿರುವ ಕೊಬ್ಬನ್ನು ತೋರಿಸುವುದಿಲ್ಲ. ಲಕ್ಷಣವೇ ಇಲ್ಲದವರಿಗೆ ಟಿ.ಎಂ.ಟಿ.ಯಿಂದ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇ.ಸಿ.ಜಿ. ನೋಡುವ ಪರೀಕ್ಷೆ) ಲಾಭಕ್ಕಿಂತ ಸುಳ್ಳು ಗಾಬರಿಯೇ ಹೆಚ್ಚು. ಆದರೆ ನಡೆದಾಗ ಎದೆ ಹಿಡಿದಂತಾಗುವುದು, ಎಡತೋಳಿಗೋ ದವಡೆಗೋ ನೋವು ಹರಿಯುವುದು, ತಣ್ಣನೆಯ ಬೆವರು ಇದ್ದರೆ ಅದಕ್ಕೆ ಪ್ಯಾಕೇಜು ಮದ್ದಲ್ಲ. 108ಕ್ಕೆ ಕರೆ ಮಾಡಿ. ಹತ್ತಿರದಲ್ಲಿ ಇ.ಸಿ.ಜಿ. ಇರುವ ಆಸ್ಪತ್ರೆ ಬಿಟ್ಟು ನೇರ ಮೈಸೂರಿಗೆ ಕಾರು ಓಡಿಸುವುದು ಹೊತ್ತು ಕಳೆಯುವ ಕೆಲಸ.

ಇನ್ನು ಉಳಿದ ಎಪ್ಪತ್ತು ಚಿಲ್ಲರೆ ಪರೀಕ್ಷೆ. ‘ನಾರ್ಮಲ್ ರೇಂಜ್’ ಎಂದರೆ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 100ಕ್ಕೆ 95 ಮಂದಿಯ ಅಂಕಿ ಬೀಳುವ ಜಾಗ. ಮಿಕ್ಕ ಐವರು ಗಟ್ಟಿಮುಟ್ಟಾಗಿದ್ದೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಒಂದಾದರೂ ರೇಂಜಿನ ಹೊರಗೆ ಬಿದ್ದು ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಶೇ 64. 80 ಮಾಡಿಸಿದರೆ ಬರದಿದ್ದರೇ ಆಶ್ಚರ್ಯ. ಸಿಇಎ, ಸಿಎ-125ನಂಥ ಮಾರ್ಕರ್‌ಗಳು ಮುಖ್ಯವಾಗಿ ಕ್ಯಾನ್ಸರ್ ಇದ್ದವರ ಚಿಕಿತ್ಸೆಯನ್ನು ಗಮನಿಸಲು. ಸಿಇಎ ಬೀಡಿ ಸೇದುವವರಲ್ಲೂ ಏರುತ್ತದೆ, ಸಿಎ-125 ಮುಟ್ಟಿನ ದಿನಗಳಲ್ಲೂ ಏರುತ್ತದೆ. ಅವನ್ನು ಪಟ್ಟಿಯಿಂದ ಹೊಡೆದುಹಾಕಿಸಿ. ಬಿ.ಪಿ., ಸಕ್ಕರೆ, ಬಾಯಿಯ ತಪಾಸಣೆ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ.

ಪ್ರಶ್ನೆ: ಅಮ್ಮನಿಗೆ 54. ಹಾಸನದಲ್ಲಿ ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿದೆವು. ‘ಬೈ-ರಾಡ್ಸ್ 4ಎ’ ಎಂದು ಬಂದಿದೆ, ಬಯಾಪ್ಸಿ (ಸೂಜಿಯಿಂದ ತುಣುಕು ತೆಗೆದು ಪರೀಕ್ಷೆ) ಮಾಡಿಸಿ ಅಂದರು. ಸೂಜಿ ಚುಚ್ಚಿದರೆ ಹರಡುತ್ತೆ ಎಂದು ಸೋದರಮಾವ ಬೇಡ ಅನ್ನುತ್ತಿದ್ದಾರೆ. ಅಮ್ಮನಿಗೆ ನಾವಿನ್ನೂ ಹೇಳಿಲ್ಲ, ಆದರೂ ಅವರು ಊಟ ಬಿಟ್ಟಿದ್ದಾರೆ. ಕಾಫಿ ಕೊಯ್ಲು ಮುಗಿಸಿ ಹೋಗೋಣವೇ?
– ಓದುಗಳು, ಬೇಲೂರು

ಉತ್ತರ: ಬೈ-ರಾಡ್ಸ್ ಎನ್ನುವುದು ಮ್ಯಾಮೋಗ್ರಾಂನಲ್ಲಿ ಕಂಡದ್ದಕ್ಕೆ ಕೊಡುವ ಅನುಮಾನದ ದರ್ಜೆ. 4ಎ ಎಂದರೆ ಕ್ಯಾನ್ಸರ್ ಎಂದಲ್ಲ, ‘ಕಡಿಮೆ ಅನುಮಾನ, ಆದರೆ ಬಿಡುವಂತಿಲ್ಲ’ ಎಂದು. ಈ ಗುಂಪಿನ 100 ಮಂದಿಯಲ್ಲಿ ಕ್ಯಾನ್ಸರ್ ಸಿಗುವುದು 2ರಿಂದ 10 ಮಂದಿಗೆ. 4ಬಿ ಆದರೆ 10ರಿಂದ 50, 4ಸಿ ಆದರೆ 50ರಿಂದ 95. ‘0’ ಎಂದು ಬಂದರೆ ಚಿತ್ರ ಸಾಲದು, ಇನ್ನಷ್ಟು ಚಿತ್ರ ಬೇಕು ಎಂದಷ್ಟೇ.

ಸೂಜಿಯಿಂದ ಹರಡಿ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಮಾವನವರಿಗೆ ಇನ್ನೊಂದು ಮಾತು ಹೇಳಿ: ಪರೀಕ್ಷೆ ಮಾಡದೆ ‘ಗಡ್ಡೆ ತೆಗೆದೇಬಿಡೋಣ’ ಎಂದು ಆಪರೇಷನ್ ಮಾಡಿಸಿದರೆ, ಆಮೇಲೆ ಕ್ಯಾನ್ಸರ್ ಎಂದು ಗೊತ್ತಾದಾಗ ಅದೇ ಜಾಗ ಮತ್ತೆ ಕೊಯ್ಯಬೇಕಾಗಬಹುದು.

ಕೇಳಬೇಕಾದದ್ದು ಕೋರ್ ಬಯಾಪ್ಸಿ. ತೆಳು ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಜೀವಕೋಶ ಮಾತ್ರ ಸಿಗುತ್ತದೆ, ಎಷ್ಟೋ ಸಲ ‘ಮತ್ತೆ ಮಾಡಿಸಿ’ ಎಂದೇ ಬರುತ್ತದೆ. ಕೋರ್‌ನಲ್ಲಿ ಜಾಗ ಮರಗಟ್ಟಿಸಿ, ಸಾಮಾನ್ಯವಾಗಿ ಸ್ಕ್ಯಾನಿಂಗ್ ನೋಡುತ್ತಾ, ಅಕ್ಕಿಕಾಳಿನ ದಪ್ಪದ ಉದ್ದನೆಯ ತುಣುಕು ಮೂರ್ನಾಲ್ಕು ತೆಗೆಯುತ್ತಾರೆ. ಸೂಜಿಯ ಯಂತ್ರ ಪ್ರತಿ ಸಲ ‘ಟಪ್’ ಎನ್ನುತ್ತದೆ; ಮೊದಲೇ ಹೇಳಿಟ್ಟರೆ ಅಮ್ಮ ಬೆಚ್ಚುವುದಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮುಂಚೆಯೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಆಮೇಲೆ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಒಂದು ವಾರ ನೀಲಿಗಟ್ಟುವುದು ಸಹಜ, ಊತ ಹೆಚ್ಚುತ್ತಾ ಹೋದರೆ ಅಥವಾ ಜ್ವರ ಬಂದರೆ ತೋರಿಸಿ. ಮ್ಯಾಮೋಗ್ರಾಂನ ವರದಿ ಮಾತ್ರವಲ್ಲ, ಫಿಲ್ಮು, ಸಿ.ಡಿ.ಯನ್ನೂ ಒಯ್ಯಿರಿ. ರಿಪೋರ್ಟ್ ಬಂದ ಮೇಲೆ ‘ಚಿತ್ರಕ್ಕೂ ಈ ಫಲಿತಾಂಶಕ್ಕೂ ತಾಳೆಯಾಗುತ್ತದೆಯೇ’ ಎಂದು ಕೇಳಿ. ಆಗದಿದ್ದರೆ ‘ಏನೂ ಇಲ್ಲ’ ಎಂದು ಬಂದರೂ ಮತ್ತೆ ತುಣುಕು ತೆಗೆಯಬೇಕು.

ಒಂದೆರಡು ವಾರ ತಡವಾದರೆ ಮುಳುಗುವಂಥದ್ದೇನಿಲ್ಲ. ಕೊಯ್ಲು ಮುಗಿಯುವ ತನಕ ಎಂದರೆ ತಿಂಗಳುಗಳಾಗುತ್ತವೆ, ಅದು ಬೇಡ.

ಅಮ್ಮನಿಗೆ ಈಗಲೇ ಹೇಳಿ. ಊಟ ಬಿಟ್ಟಿದ್ದಾರೆಂದರೆ ಏನೋ ಇದೆ ಎಂದು ಅವರಿಗೆ ಗೊತ್ತಾಗಿದೆ, ಏನೆಂದು ಗೊತ್ತಿಲ್ಲ ಅಷ್ಟೇ. ‘ಅಮ್ಮ, ಫೋಟೋದಲ್ಲಿ ಒಂದು ಗುರುತು ಕಂಡಿದೆ. ಇಂಥ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಏನೂ ಇರಲ್ಲವಂತೆ. ಖಾತ್ರಿ ಮಾಡಿಕೊಳ್ಳೋಕೆ ಸೂಜಿ ಪರೀಕ್ಷೆ’ ಎಂದರೆ ಸಾಕು. ‘ಏನೂ ಇಲ್ಲಮ್ಮ’ ಎಂದು ಸುಳ್ಳು ಹೇಳಿದರೆ ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ನೆಂಟರ ಫೋನನ್ನು ಒಬ್ಬರೇ ತೆಗೆದುಕೊಳ್ಳಿ, ಉತ್ತರ ಒಂದೇ ಇರಲಿ: ‘ರಿಪೋರ್ಟ್ ಬಂದ ಮೇಲೆ ನಾವೇ ಹೇಳ್ತೀವಿ’. ರಾತ್ರಿ ಮಲಗುವ ಹೊತ್ತಿಗೆ ಮೊಬೈಲಿನಲ್ಲಿ ಹುಡುಕುವುದನ್ನು ನೀವೂ ಬಿಡಿ. ಹುಟ್ಟುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು ಡಾಕ್ಟರ ಮುಂದೆ ತೆಗೆಯಿರಿ. ನಿದ್ದೆ, ಊಟ ಎರಡು ವಾರವಾದರೂ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅಪ್ಪನಿಗೆ 66. ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) 5.8 ಬಂದಿದೆ. ಎರಡು ವಾರದ ಹಿಂದೆ ಉರಿಮೂತ್ರ, ಜ್ವರ ಇತ್ತು. ಪ್ರಾಸ್ಟೇಟ್ ಕ್ಯಾನ್ಸರೇ?
– ಓದುಗ, ಮೂಡಿಗೆರೆ

ಉತ್ತರ: ಆ ಹೊತ್ತಿನಲ್ಲಿ ಮಾಡಿಸಬಾರದಿತ್ತು. ಸೋಂಕಿನಿಂದಲೇ ಪಿಎಸ್ಎ ಏರುತ್ತದೆ. ಸೋಂಕು ಪೂರ್ತಿ ವಾಸಿಯಾದ 6ರಿಂದ 8 ವಾರದ ಮೇಲೆ ಅದೇ ಲ್ಯಾಬಿನಲ್ಲಿ ಮತ್ತೆ ನೋಡಿಸಿ. ಅದಕ್ಕೆ ಮುಂಚಿನ 48 ಗಂಟೆ ಸೈಕಲ್ ತುಳಿಯುವುದು, ವೀರ್ಯಸ್ಖಲನ ಬೇಡ. ಪ್ರಾಸ್ಟೇಟ್ ದೊಡ್ಡದಾದವರಿಗೆ ಕೊಡುವ ಫಿನಾಸ್ಟರೈಡ್ ಅಥವಾ ಡುಟಾಸ್ಟರೈಡ್ ಮಾತ್ರೆ ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ಬಂದ ಅಂಕಿಯನ್ನು ಸುಮಾರು ಎರಡರಿಂದ ಗುಣಿಸಿ ಓದಬೇಕು. ಆಗಲೂ ಹೆಚ್ಚಿದ್ದರೆ ಯುರಾಲಜಿ ವೈದ್ಯರನ್ನು ಕಾಣಿ, ಬಯಾಪ್ಸಿಗೆ ಮೊದಲು ಎಂ.ಆರ್.ಐ. ಆಗುತ್ತದೆಯೇ ಕೇಳಿ. ಮೂತ್ರ ಕಟ್ಟಿದರೆ, ರಕ್ತ ಬಂದರೆ, ಬೆನ್ನುಮೂಳೆಯಲ್ಲಿ ಬಿಡದ ನೋವಿದ್ದರೆ ಇಷ್ಟು ವಾರ ಕಾಯದೆ ಕೂಡಲೇ ತೋರಿಸಿ.