ಲಿಸ್ಬನ್‌ನ ಅಲ್ಫಾಮಾ: ಟ್ರಾಮ್‌ನಲ್ಲಿ ಕೂತು ನೋಡಿದರೆ ಸಾಕಾ?

ಅರವತ್ತು ದಾಟಿದ ಅಪ್ಪ-ಅಮ್ಮ ಜೊತೆಗಿದ್ದಾರೆ, ಲಿಸ್ಬನ್‌ನಲ್ಲಿ ಅರ್ಧ ದಿನ ಮಾತ್ರ ಸಿಗುತ್ತದೆ, ಹಳೇ ಊರಾದ ಅಲ್ಫಾಮಾವನ್ನು 28ನೇ ನಂಬರಿನ ಟ್ರಾಮ್‌ನಲ್ಲಿ ಕೂತೇ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಟ್ರಾಮ್ ಹೋಗುವುದು ಅಂಚಿನ ರಸ್ತೆಯಲ್ಲಿ. ಅಲ್ಫಾಮಾ ಇರುವುದು ಗಾಡಿ ನುಗ್ಗದ ಓಣಿಗಳಲ್ಲಿ. ಮೇಲಾಗಿ ಅದರಲ್ಲಿ ಸೀಟು ಸಿಗುವುದೇ ಕಷ್ಟ, ಜೇಬುಗಳ್ಳರ ಕಾಟ ಬೇರೆ.

ಗುಡ್ಡ ಹತ್ತುವ ಕೆಲಸ ಬಸ್ಸಿಗೆ ಬಿಡಿ. ಪ್ರಾಸಾ ದ ಫಿಗೇಯ್ರಾ ಚೌಕದಿಂದ 737ನೇ ನಂಬರಿನ ಬಸ್ ಹತ್ತಿದರೆ ಗುಡ್ಡದ ಮೇಲಿನ ಸಾವೋ ಜಾರ್ಜ್ ಕೋಟೆಯ ಹತ್ತಿರಕ್ಕೇ ಒಯ್ದು ಬಿಡುತ್ತದೆ. ಅಲ್ಲಿಂದ ನದಿಯ ಕಡೆಗೆ ನಿಧಾನಕ್ಕೆ ಇಳಿಯುತ್ತಾ ಬನ್ನಿ.

ಇಳಿಯುವ ದಾರಿಯಲ್ಲಿ ಸಿಗುವ ಸಾಂತಾ ಲುಜಿಯಾ ಚರ್ಚಿನ ಹೊರಗೋಡೆಯ ಮುಂದೆ ದಯವಿಟ್ಟು ನಿಲ್ಲಿ. ಎಲ್ಲರೂ ನದಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವಾಗ ಗೋಡೆ ನೋಡುವವರೇ ಕಡಿಮೆ. ಅಲ್ಲಿ ನೀಲಿ-ಬಿಳಿ ಟೈಲ್ಸ್‌ನಲ್ಲಿ ಎರಡು ಚಿತ್ರಗಳಿವೆ. ಒಂದು, 1147ರಲ್ಲಿ ಕ್ರೈಸ್ತ ಸೈನ್ಯ ಆಗ ಊರನ್ನಾಳುತ್ತಿದ್ದ ‘ಮೂರ್’ ಮುಸ್ಲಿಮರಿಂದ ಕೋಟೆ ಗೆದ್ದದ್ದು. ಇನ್ನೊಂದು, ನದಿದಂಡೆಯ ಅರಮನೆ ಚೌಕ 1755ಕ್ಕೆ ಮೊದಲು ಹೇಗಿತ್ತು ಎಂಬುದು. ಆ ವರ್ಷ ನವೆಂಬರ್ 1ರ ಬೆಳಿಗ್ಗೆ, ಜನ ಹಬ್ಬದ ಪ್ರಾರ್ಥನೆಯಲ್ಲಿದ್ದಾಗ ಭೂಮಿ ನಡುಗಿತು. ಹಿಂದೆಯೇ ಸುನಾಮಿ, ಆಮೇಲೆ ದಿನಗಟ್ಟಲೆ ಬೆಂಕಿ. ಅರಮನೆ ಹೋಯಿತು, ಅದರ ಗ್ರಂಥಾಲಯ ಹೋಯಿತು, ಭಾರತದ ಮೆಣಸಿನ ವ್ಯಾಪಾರ ನೋಡಿಕೊಳ್ಳುತ್ತಿದ್ದ ‘ಕಾಸಾ ದ ಇಂಡಿಯಾ’ ಕಚೇರಿಯೂ ಹೋಯಿತು. ಬಸರೂರು, ಹೊನ್ನಾವರ, ಮಂಗಳೂರಲ್ಲಿ ಕೋಟೆ ಕಟ್ಟಿದ ಪೋರ್ಚುಗೀಸರ ಎಷ್ಟು ಕಾಗದಪತ್ರ ಅಲ್ಲಿ ಸುಟ್ಟುಹೋಗಿರಬಹುದು ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ. ಕೆಳಗಿನ ಬೈಶಾ ಪ್ರದೇಶವನ್ನು ಆಮೇಲೆ ನೇರ ಬೀದಿಗಳಾಗಿ ಹೊಸದಾಗಿ ಕಟ್ಟಿದರು. ಅಲ್ಫಾಮಾ ಬಹುಮಟ್ಟಿಗೆ ಉಳಿದುಕೊಂಡಿತು, ಅದಕ್ಕೇ ಇಲ್ಲಿ ಇನ್ನೂ ಮಧ್ಯಯುಗದ ಅಂಕುಡೊಂಕು.

ಚರ್ಚಿನ ಪಕ್ಕದಿಂದ ಮೆಟ್ಟಿಲಿಳಿದು ಸಾವೋ ಮಿಗೆಲ್ ಚರ್ಚಿನ ಅಂಗಳ ದಾಟಿದರೆ ಫಾದೊ ಸಂಗೀತದ ಮ್ಯೂಸಿಯಂ ಸಿಗುತ್ತದೆ. ಅಲ್ಲಿಂದ ನದಿಗುಂಟ ನಾಲ್ಕು ಹೆಜ್ಜೆ ನಡೆದರೆ ‘ಶಫರೀಜ್ ದೆಲ್ ರೇ’ ಎಂಬ ಹಳೇ ನೀರಿನ ಕಾರಂಜಿ. 16ನೇ ಶತಮಾನದಲ್ಲಿ ಅದರ ಯಾವ ನಳಿಗೆಯಲ್ಲಿ ಯಾರು ನೀರು ಹಿಡಿಯಬೇಕೆಂದು ನಗರಸಭೆಯೇ ನಿಯಮ ಮಾಡಿತ್ತು: ಗುಲಾಮರಿಗೆ ಬೇರೆ, ಬಿಳಿಯರಿಗೆ ಬೇರೆ, ಅದರಲ್ಲೂ ಹೆಂಗಸರಿಗೆ ಬೇರೆ. ನಮ್ಮ ಊರುಗಳ ಬಾವಿಕಟ್ಟೆಯ ಕಥೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಟೆಯ ಟಿಕೆಟ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಅಮ್ಮನಿಗೆ ಮಂಡಿನೋವಿದ್ದರೆ ಮೆಟ್ಟಿಲು ಬೇಡ. ಸಾಂತಾ ಲುಜಿಯಾದಿಂದ ಟ್ರಾಮ್ ರಸ್ತೆಯಲ್ಲೇ ಇಳಿದರೆ ದೊಡ್ಡ ಚರ್ಚು ‘ಸೆ’ ತಲುಪಬಹುದು. ಹಾಸುಗಲ್ಲುಗಳು ಸವೆದು ನುಣುಪಾಗಿವೆ, ಮಳೆ ಬಂದರಂತೂ ಕಾಲು ಜಾರುತ್ತದೆ. ಹಿಡಿತವಿರುವ ಶೂ ಹಾಕಿಸಿ. ಓಣಿಗಳಲ್ಲಿ ಕಿಟಕಿಯಾಚೆಯೇ ಜನ ವಾಸವಿದ್ದಾರೆ, ಪ್ರವಾಸಿ ಬಾಡಿಗೆ ಮನೆಗಳು ಹೆಚ್ಚಿ ಎಷ್ಟೋ ಹಳಬರು ಜಾಗ ಖಾಲಿ ಮಾಡಿದ್ದಾರೆ. ಉಳಿದವರ ಮನೆಯೊಳಗೆ ಕ್ಯಾಮೆರಾ ತೂರಿಸಬೇಡಿ.

ಸಸ್ಯಾಹಾರಿಗಳಾಗಿದ್ದರೆ ‘ಕಾಲ್ದೊ ವೆರ್ದೆ’ ಸೊಪ್ಪಿನ ಸೂಪಿನಲ್ಲಿ ಸಾಸೇಜ್ ತುಂಡು ಇರುತ್ತದೆ, ಮೊದಲೇ ಕೇಳಿ. ಕೇಳದೆಯೇ ಟೇಬಲ್ ಮೇಲಿಡುವ ಬ್ರೆಡ್, ಆಲಿವ್ ತಿಂದರೆ ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಮುಟ್ಟುವ ಮೊದಲೇ ವಾಪಸ್ ಕಳಿಸಿ.