ನಾಲಗೆ ಮೊದಲೋ, ಹೃದಯ ಮೊದಲೋ?

ಅಸ್ಸಲಾಮು ಅಲೈಕುಂ ಸಹೋದರಿ. ಐದು ಹೊತ್ತಿನ ನಮಾಝ್ ತಪ್ಪಿಸುವುದಿಲ್ಲ, ಆದರೆ ನಾಲ್ಕು ಜನ ಕೂತಲ್ಲಿ ಯಾರದ್ದಾದರೂ ಮಾತು ಆಡದೆ ಏಳುವುದಕ್ಕೆ ಆಗುವುದಿಲ್ಲ ಎಂದು ಬರೆದಿದ್ದೀರಿ. ಗೀಬತ್, ಅಂದರೆ ಬೆನ್ನ ಹಿಂದೆ ಆಡಿಕೊಳ್ಳುವುದು, ಬಿಡಬೇಕಾದರೆ ಮೊದಲು ನಾಲಗೆ ಹಿಡಿಯಬೇಕೋ, ಹೃದಯ ಶುದ್ಧ ಮಾಡಿಕೊಳ್ಳಬೇಕೋ, ಆಡಿದ್ದಕ್ಕೆ ಅವರ ಬಳಿ ಹೋಗಿ ಕ್ಷಮೆ ಕೇಳಬೇಕೋ ಎಂಬುದು ನಿಮ್ಮ ಪ್ರಶ್ನೆ. ನಾನು ಧರ್ಮ ಓದಿದ ಆಲಿಮಾ ಅಲ್ಲ. ಇದೇ ತೊಂದರೆಯಲ್ಲಿ ವರ್ಷಗಟ್ಟಲೆ ಒದ್ದಾಡಿದವಳು. ನನಗೆ ತಿಳಿದಷ್ಟು ಹೇಳುತ್ತೇನೆ.

"ಇದ್ದದ್ದನ್ನೇ ಹೇಳಿದೆ, ಸುಳ್ಳೇನೂ ಹೇಳಲಿಲ್ಲವಲ್ಲ" ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಪ್ರವಾದಿ(ಸ)ರನ್ನೂ ಇದನ್ನೇ ಕೇಳಿದ್ದರು. ನಿನ್ನ ಸಹೋದರನಿಗೆ ಇಷ್ಟವಾಗದ ಮಾತನ್ನು ಅವನ ಬಗ್ಗೆ ಆಡುವುದೇ ಗೀಬತ್ ಎಂದು ಅವರು ಹೇಳಿದಾಗ, ಅದು ಅವನಲ್ಲಿ ನಿಜವಾಗಿಯೂ ಇದ್ದರೆ ಎಂಬ ಪ್ರಶ್ನೆ ಬಂತು. ಇದ್ದರೆ ಅದು ಗೀಬತ್, ಇಲ್ಲದಿದ್ದರೆ ಸುಳ್ಳಾರೋಪ ಎಂದರು. ಪ್ರವಾದಿ(ಸ)ರ ಮಾತು, ನಡೆಗಳ ವರದಿಗಳಾದ ಹದೀಸ್‌ಗಳ ಸಂಗ್ರಹ ಸಹೀಹ್ ಮುಸ್ಲಿಮ್‌ನಲ್ಲಿ ಇದೆ. ಒಮ್ಮೆ ಪ್ರವಾದಿ(ಸ)ರ ಪತ್ನಿ ಆಯಿಷಾ(ರ) ಅವರು ಇನ್ನೊಬ್ಬ ಪತ್ನಿ ಸಫಿಯ್ಯಾ(ರ) ಅವರ ಗಿಡ್ಡ ಎತ್ತರದ ಬಗ್ಗೆ ಒಂದು ಮಾತು ಅಂದರು. ಅಷ್ಟೇ. ಆ ಮಾತನ್ನು ಕಡಲ ನೀರಿಗೆ ಬೆರೆಸಿದರೆ ಕಡಲೂ ಕೆಟ್ಟೀತು ಎಂದರು ಪ್ರವಾದಿ(ಸ). ಉಳ್ಳಾಲದಲ್ಲಿ ನಮ್ಮ ಮನೆಯಿಂದ ಕಡಲು ದೂರ ಇಲ್ಲ. ಆ ನೀರನ್ನು ಕಂಡಾಗಲೆಲ್ಲ ನನಗೆ ಈ ಹದೀಸ್ ನೆನಪಾಗುತ್ತದೆ.

ಈಗ ನಿಮ್ಮ ಪ್ರಶ್ನೆ. ಗೀಬತ್ ಅಂದರೆ ಸತ್ತ ಸಹೋದರನ ಮಾಂಸ ತಿಂದ ಹಾಗೆ ಎಂಬ ಕುರ್‌ಆನ್ ವಚನ (ಆಯತ್) ನೀವು ಕೇಳಿಯೇ ಇರುತ್ತೀರಿ. ಸೂರಃ ಅಲ್ ಹುಜುರಾತ್‌ನ 12ನೇ ಆಯತ್. ಮದ್ರಸದಲ್ಲಿ ಉಸ್ತಾದರು ಹೇಳಿದಾಗ ನನಗೆ ಆ ಮಾಂಸದ ಭಾಗ ಮಾತ್ರ ಮನಸ್ಸಲ್ಲಿ ಉಳಿದಿತ್ತು. ಆಯತ್ ಶುರುವಾಗುವುದು ಅಲ್ಲಿಂದಲ್ಲ. ಗುಮಾನಿಗಳಿಂದ ದೂರ ಇರಿ ಎನ್ನುತ್ತದೆ ಮೊದಲು. ಆಮೇಲೆ ಇನ್ನೊಬ್ಬರ ಗುಟ್ಟು ಹುಡುಕಬೇಡಿ ಎನ್ನುತ್ತದೆ. ಗೀಬತ್ ಬರುವುದು ಮೂರನೆಯದಾಗಿ. ಎದೆಯಲ್ಲಿ ಗುಮಾನಿ, ಆಮೇಲೆ ಕಣ್ಣು ಹುಡುಕಲು ಹೊರಡುತ್ತದೆ, ಕೊನೆಗೆ ನಾಲಗೆ. ನಾನು ಈ ಕ್ರಮವನ್ನು ಗಮನಿಸಿದ್ದು ತುಂಬ ತಡವಾಗಿ.

ಕೆಲವು ವರ್ಷದ ಹಿಂದೆ ಒಂದು ರಂಝಾನ್‌ನಲ್ಲಿ ಯಾರ ಬಗ್ಗೆಯೂ ಮಾತಾಡುವುದಿಲ್ಲ ಎಂದು ನಿಯ್ಯತ್ (ಸಂಕಲ್ಪ) ಮಾಡಿದೆ. ತಪ್ಪಿದ ದಿನ ರಾತ್ರಿ ಕ್ಯಾಲೆಂಡರ್‌ನಲ್ಲಿ ಆ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದೆ. ತಿಂಗಳು ಮುಗಿದಾಗ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಒಂದೇ ಅಕ್ಷರ. ಅದು ನನ್ನ ಓರಗಿತ್ತಿಯದು. ಅವಳ ಅಡುಗೆ, ಅವಳ ಮಕ್ಕಳು, ಅವಳು ಖರ್ಚು ಮಾಡುವ ರೀತಿ, ಪ್ರತಿ ಸಲ ಒಂದೊಂದು ನೆಪ. ಅಸಲು ವಿಷಯ ಬೇರೆ ಇತ್ತು. ನನ್ನ ಗಂಡ ಗಲ್ಫ್‌ನ ಕೆಲಸ ಕಳೆದುಕೊಂಡು ಬಂದ ವರ್ಷವೇ ಅವರು ಹೊಸ ಮನೆ ಕಟ್ಟಿದ್ದರು. ಅತ್ತೆಯೂ ಅಲ್ಲಿಗೆ ಹೋಗಿಬಿಟ್ಟರು. ನನಗೆ ಹೊಟ್ಟೆ ಉರಿದಿತ್ತು. ಅದಕ್ಕೆ ಹಸದ್ ಎಂಬ ಹೆಸರಿದೆ, ಅದು ನನ್ನಲ್ಲೇ ಇದೆ ಎಂದು ಒಪ್ಪಿಕೊಂಡ ರಾತ್ರಿ ನಾನು ನಮಾಝಿನ ಚಾಪೆ ಮುಸಲ್ಲಾದ ಮೇಲೆ ತುಂಬ ಅತ್ತೆ. ಇಮಾಮ್ ಗಝ್ಝಾಲಿ ಅವರು ಗೀಬತ್‌ಗೆ ಕಾರಣಗಳನ್ನು ಹೇಳುವಾಗ ಕೋಪ, ಹೊಟ್ಟೆಕಿಚ್ಚು, ಜೊತೆಯಲ್ಲಿ ಕೂತವರನ್ನು ಮೆಚ್ಚಿಸುವ ಆಸೆ ಎಲ್ಲವನ್ನೂ ಹೇಳುತ್ತಾರೆ. 900 ವರ್ಷದ ಹಿಂದೆ ಬರೆದದ್ದು ನನ್ನ ಅಡುಗೆಮನೆಯ ಬಗ್ಗೆಯೇ ಇದೆ ಅನ್ನಿಸಿತು.

ಹಾಗಾಗಿ ಸುಮ್ನೆ ಬಾಯಿ ಮುಚ್ಚಿಕೊಳ್ಳಿ ಎಂದು ನಾನು ಹೇಳಲಾರೆ. ಯಾರ ಹೆಸರು ನಿಮ್ಮ ಬಾಯಿಗೆ ಪದೇಪದೇ ಬರುತ್ತದೆ ಎಂದು ಮೊದಲು ನೋಡಿ. ಹಾಗಂತ ಹೃದಯ ಪೂರ್ತಿ ಶುದ್ಧವಾಗುವವರೆಗೆ ನಾಲಗೆಯನ್ನು ಬಿಟ್ಟುಬಿಡುವ ಹಾಗೂ ಇಲ್ಲ. ಹೃದಯ ನೆಟ್ಟಗಾಗದೆ ಈಮಾನ್ (ವಿಶ್ವಾಸ) ನೆಟ್ಟಗಾಗದು, ನಾಲಗೆ ನೆಟ್ಟಗಾಗದೆ ಹೃದಯ ನೆಟ್ಟಗಾಗದು ಎಂಬ ಹದೀಸ್ ಮುಸ್ನದ್ ಅಹ್ಮದ್‌ನಲ್ಲಿದೆ. ಹೊಟ್ಟೆಕಿಚ್ಚು ನಮ್ಮ ಕೈಗೆ ಸಿಗುವುದಿಲ್ಲ, ನಾಲಗೆ ಸಿಗುತ್ತದೆ. ಆಡದೆ ಬಿಟ್ಟ ಪ್ರತಿ ಮಾತಿಗೂ ಒಳಗಿನ ಉರಿ ಸ್ವಲ್ಪ ಕಡಿಮೆಯಾಗುವುದನ್ನು ನಾನೇ ಕಂಡಿದ್ದೇನೆ. ಅದರ ಜೊತೆಗೆ ನಾನು ಮಾಡಿದ ಇನ್ನೊಂದು ಕೆಲಸ, ಓರಗಿತ್ತಿಯ ಹೆಸರು ಹಿಡಿದು ದುಆ (ಪ್ರಾರ್ಥನೆ) ಮಾಡಿದ್ದು. ಮೊದಲ ಕೆಲವು ವಾರ ಅದು ಬರೀ ಬಾಯಿಮಾತಾಗಿತ್ತು. ಯಾವಾಗ ನಿಜವಾಯಿತೋ ಗೊತ್ತಾಗಲಿಲ್ಲ.

ಇಲ್ಲಿ ಝೈನಬ್(ರ) ಅವರನ್ನು ನೆನೆಯಬೇಕು. ಮದೀನಾದಲ್ಲಿ ಆಯಿಷಾ(ರ) ಅವರ ಮೇಲೆ ಕೆಟ್ಟ ಅಪವಾದ ಹಬ್ಬಿದಾಗ ಪ್ರವಾದಿ(ಸ) ಝೈನಬ್(ರ) ಅವರನ್ನೂ ವಿಚಾರಿಸಿದರು. ಅವರು ಸವತಿ. ಪ್ರವಾದಿ(ಸ)ರ ಪತ್ನಿಯರಲ್ಲಿ ತನಗೆ ಸರಿಸಾಟಿಯಾಗಿದ್ದವರು ಅವರೇ ಎಂದು ಆಯಿಷಾ(ರ) ಅವರೇ ಹೇಳಿದ್ದಾರೆ. ಝೈನಬ್ ಅವರ ಸ್ವಂತ ಸಹೋದರಿ ಹಮ್ನಾ ಆ ಅಪವಾದವನ್ನು ಹಬ್ಬಿಸುವವರ ಜೊತೆ ಸೇರಿದ್ದರು. ಒಂದು ಮಾತು ಸಾಕಿತ್ತು. ಮಾತೂ ಬೇಕಿರಲಿಲ್ಲ, ಮೌನವಾಗಿದ್ದರೂ ಸಾಕಿತ್ತು. ಝೈನಬ್(ರ) ಹೇಳಿದ್ದು, ನನ್ನ ಕಿವಿ ಕಣ್ಣುಗಳನ್ನು ಕಾಪಾಡಿಕೊಳ್ಳುತ್ತೇನೆ, ಆಕೆಯ ಬಗ್ಗೆ ನನಗೆ ಒಳ್ಳೆಯದಲ್ಲದೆ ಬೇರೇನೂ ಗೊತ್ತಿಲ್ಲ ಎಂದು. ನಾಲಗೆ ಕಾಯುವುದು ಅಂದರೆ ಇದು ಅಲ್ವಾ?

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಗೀಬತ್ ಹೆಸರಲ್ಲಿ ನೊಂದವರ ಬಾಯಿ ಮುಚ್ಚಿಸುವುದು ತಪ್ಪು. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ, ಅನ್ಯಾಯಕ್ಕೆ ಒಳಗಾದವರ ಹೊರತು ಎಂದು ಸೂರಃ ಅನ್ನಿಸಾದ 148ನೇ ಆಯತ್ ಹೇಳುತ್ತದೆ. ಗಂಡ ಅಬೂ ಸುಫ್ಯಾನ್ ಜಿಪುಣ, ನನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಎಂದು ಹಿಂದ್(ರ) ದೂರಿದಾಗ ಪ್ರವಾದಿ(ಸ) ಅವರನ್ನು ಸುಮ್ಮನಿರಿಸಲಿಲ್ಲ, ಅಗತ್ಯ ಇದ್ದಷ್ಟು ತೆಗೆದುಕೋ ಎಂದರು. ಮದುವೆ ಸಂಬಂಧದ ಬಗ್ಗೆ ಫಾತಿಮಾ ಬಿಂತ್ ಕೈಸ್(ರ) ಸಲಹೆ ಕೇಳಿದಾಗ, ಕೇಳಿ ಬಂದವರಲ್ಲಿ ಒಬ್ಬರು ಬಡವರು, ಇನ್ನೊಬ್ಬರು ಹೆಗಲಿಂದ ಕೋಲು ಇಳಿಸದವರು ಎಂದು ಪ್ರವಾದಿ(ಸ) ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೊಡೆಯುವ ಗಂಡನ ಬಗ್ಗೆ ತವರಲ್ಲಿ ಹೇಳುವ ಹೆಣ್ಣಿಗೆ "ಗೀಬತ್ ಮಾಡಬೇಡ" ಎನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕ್ಷಮೆಯ ಬಗ್ಗೆ. ಇನ್ನೊಬ್ಬರ ಮಾನಕ್ಕೆ ಧಕ್ಕೆ ತಂದವರು ದೀನಾರ್, ದಿರ್ಹಮ್ ಇಲ್ಲದ ಅಂತಿಮ ತೀರ್ಪಿನ ದಿನ ಬರುವ ಮೊದಲೇ ಅದನ್ನು ಸರಿಮಾಡಿಕೊಳ್ಳಬೇಕು ಎಂಬ ಹದೀಸ್ ಬುಖಾರಿ ಸಂಗ್ರಹದಲ್ಲಿದೆ. ನೀವಾಡಿದ್ದು ಅವರ ಕಿವಿಗೆ ಬಿದ್ದಿದ್ದರೆ ಹೋಗಿ ಕೇಳಿ, ತಡ ಮಾಡಬೇಡಿ. ಅವರಿಗೆ ಗೊತ್ತೇ ಇಲ್ಲದಿದ್ದರೆ ಉಲಮಾಗಳಲ್ಲಿ (ಧರ್ಮ ವಿದ್ವಾಂಸರಲ್ಲಿ) ಎರಡು ಅಭಿಪ್ರಾಯ ಇದೆ. ಹೋಗಿ ಹೇಳಿದರೆ ಹೊಸ ನೋವು, ಹೊಸ ಜಗಳ ಆಗುವ ಹಾಗಿದ್ದರೆ ಹೇಳದೆ ತೌಬಾ (ಪಶ್ಚಾತ್ತಾಪ) ಮಾಡಿ, ಅವರಿಗಾಗಿ ದುಆ ಮಾಡಿ, ಎಲ್ಲಿ ಹೀಗಳೆದಿರೋ ಅಲ್ಲೇ ಅವರ ಒಳ್ಳೆಯದನ್ನು ಹೇಳಿ ಎಂದು ಅನೇಕರು ಹೇಳಿದ್ದಾರೆ. ನಾನು ಹಿಡಿದದ್ದು ಈ ದಾರಿ.

ಓರಗಿತ್ತಿಗೆ ಇವತ್ತಿಗೂ ಹೇಳಿಲ್ಲ. ಆದರೆ ಯಾರ ಎದುರು ಅವಳನ್ನು ಆಡಿಕೊಂಡಿದ್ದೆನೋ ಅವರೆಲ್ಲ ಮತ್ತೆ ಸೇರಿದ್ದ ದಿನ, ಹಾಸಿಗೆ ಹಿಡಿದ ಅತ್ತೆಯನ್ನು ಅವಳು ಹೇಗೆ ನೋಡಿಕೊಂಡಳು ಎಂದು ಹೇಳಿದೆ. ಅದು ನಿಜವೇ. ಎರಡು ವರ್ಷ ಎತ್ತಿ ಕೂರಿಸಿ, ಮೈ ಒರೆಸಿ, ಊಟ ಮಾಡಿಸಿದ್ದಳು. ಹೇಳುವಾಗ ನನ್ನ ಗಂಟಲು ಕಟ್ಟಿತು. ಒಬ್ಬಳು ಗೆಳತಿ "ಇದನ್ನು ನೀನು ಮೊದಲು ಯಾವತ್ತೂ ಹೇಳಿರಲಿಲ್ಲ" ಎಂದಳು. ಹೌದು, ಹೇಳಿರಲಿಲ್ಲ ಎಂದೆ.